ಕಿವಿಗುರುತು

ಬಂದರು ಕಚೇರಿಯಿಂದ ಬ್ರಾಂದುರ್ ಫೋನು ಮಾಡಿದಾಗ
ಈಸಾಫ್ಯೋರ್ಡುರಿನಲ್ಲಿ ಬೆಳಗಿನ ಒಂಬತ್ತು, ಜನವರಿ, ಇನ್ನೂ ಕಗ್ಗತ್ತಲು.
"ಸ್ಟೇನ್ವರ್, ನಿನ್ನ ಯಂತ್ರ ಏನನ್ನುತ್ತೆ, ಹಿಮ ನಿಲ್ಲುತ್ತಾ?"
ನಿಲ್ಲಲ್ಲ ಅಂತಿದೆ, ಅಂದೆ.
"ನನ್ನದು ನಿಲ್ಲುತ್ತೆ ಅಂತಿದೆ."

ಒಂದೇ ಗುಡ್ಡ. ಒಂದೇ ಹಿಮ. ಲೆಕ್ಕವೂ ಒಂದೇ,
ನಾನೇ ಬರೆದದ್ದು. ಹೆಸರು ಹ್ಯಾರ್ನ್,
ಅಂದರೆ ನಮ್ಮಲ್ಲಿ ಗಟ್ಟಿ ಕೂತ ಹಿಮ.
ಮೂರು ಯಂತ್ರ ಹಂಚಿಕೊಳ್ಳುವ ಲೈಬ್ರರಿ:
ಗುಡ್ಡದ ನೆತ್ತಿಯ ತಗಡು ಪೆಟ್ಟಿಗೆಯಲ್ಲಿ ಲಿನಕ್ಸ್,
ಬಂದರಿನಲ್ಲಿ ವಿಂಡೋಸ್,
ನನ್ನ ಅಡುಗೆಮನೆಯ ಮೇಜಿನ ಮೇಲೆ, ಒಣಮೀನಿನ ತಟ್ಟೆಯ ಪಕ್ಕ, ಮ್ಯಾಕ್.
ಎರಡು ಕಡೆ ಅದಕ್ಕೆ 'ಲಿಬ್' ಎಂಬ ಟೊಪ್ಪಿ, ಒಂದು ಕಡೆ ಬೋಳುತಲೆ.
ಬಾಲ ಮಾತ್ರ ಮೂರಕ್ಕೂ ಬೇರೆ ಬೇರೆ.

ಸೆಪ್ಟೆಂಬರಿನಲ್ಲಿ ಕುರಿಗಳು ಬೆಟ್ಟ ಇಳಿಯುತ್ತವೆ,
ಬೇಸಿಗೆಯೆಲ್ಲ ಕಾಯುವವರಿಲ್ಲದೆ ಮೇದು
ತಾವು ಯಾರವೆಂಬುದು ತಮಗೇ ಮರೆತು.
ಕಲ್ಲುಗೋಡೆಯ ದುಂಡು ದೊಡ್ಡಿ, ಅದರ ಸುತ್ತ
ಬಿಡಿಸಿಟ್ಟ ಕಿತ್ತಳೆಯ ತೊಳೆಗಳ ಹಾಗೆ
ಮನೆಗೊಂದು ಕಿರುದೊಡ್ಡಿ, ಮನೆಗೊಂದು ಬಾಗಿಲು.
ಚಿಕ್ಕಮ್ಮ ರಗ್ನ್‌ಫ್ರೀದುರ್ ಕೊಂಬು ಹಿಡಿದು
ಕುರಿಯನ್ನು ಮಂಡಿಗಳ ನಡುವೆ ಅವುಚಿ
ಒಂಬತ್ತು ವರ್ಷದ ನನಗೆ ಹೇಳಿದ್ದು ಇಷ್ಟೇ:
"ಮುಖ ನೋಡಬೇಡ. ಕಿವಿ ನೋಡು."

ನಾನು ಮುಖ ನೋಡಿದ್ದೆ.
ಲೈಬ್ರರಿ ತಾನೇ, ಲೈಬ್ರರಿಗಳ ದೊಡ್ಡಿಗೆ ಹೋಗಲಿ ಎಂದು
ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ.
ಲಿನಕ್ಸಿನದು ಹೇಳಿದಲ್ಲಿಗೆ ಹೋಯಿತು. ಮ್ಯಾಕಿನದೂ ಹೋಯಿತು.
ವಿಂಡೋಸಿನ ಲೆಕ್ಕದಲ್ಲಿ ಅದು ಬೇರೆಯದೇ ಜಾತಿ,
ಓಡುವ ಪ್ರಾಣಿ; ಓಡುವವುಗಳ ದೊಡ್ಡಿಯೇ ಅದರ ಮನೆ.
ಸಾಲದ್ದಕ್ಕೆ ಅಲ್ಲಿ ಅದು ಜೋಡಿಯಾಗಿ ಬರುತ್ತದೆ:
ಡಿಎಲ್ಎಲ್ ಎಂಬ ತಾಯಿ ಒಂದು ಬಾಗಿಲಿಗೆ,
ಕೊಂಡಿ ಹಾಕಲಿಕ್ಕಷ್ಟೇ ಬೇಕಾದ ಮರಿ
ದಾಸ್ತಾನಿನ ಬಾಗಿಲಿಗೆ.
ಆ ಎರಡು ಬಾಗಿಲಿಗೂ ನಾನು ಹೆಸರೇ ಬರೆದಿರಲಿಲ್ಲ.
ಕರೆಯದ ಕುರಿ ಎಲ್ಲಿ ನಿಲ್ಲುತ್ತದೆ?
ಈದಲ್ಲೇ. ಬಿಲ್ಡಿನ ಒಳಗಿನ ಫೋಲ್ಡರು, ಅದರ ಒಳಗೆ
ಯಾರೂ ಕೇಳದೆ ತಾನಾಗಿ ಎದ್ದ 'ರಿಲೀಸ್' ಎಂಬ ಕೋಣೆಯಲ್ಲಿ.

ಪ್ರೋಗ್ರಾಮು ತನ್ನ ಮಗ್ಗುಲು ತಡಕಿ, ಇಲ್ಲ ಎಂದಿತು.
ಬ್ರಾಂದುರ್ ದೂರು ಕೊಡುವವನಲ್ಲ.
ಅಕ್ಟೋಬರಿನ ಒಂದು ಮಧ್ಯಾಹ್ನ ತಾನೇ ಹುಡುಕಿ
ಫೈಲನ್ನು ಎತ್ತಿ ತಂದು ಪಕ್ಕದಲ್ಲಿ ಕೂರಿಸಿದ.
ಕೆಲಸ ನಡೆಯಿತು. ನನಗೆ ಹೇಳುವಂಥದ್ದೇನಿತ್ತು?
ನವೆಂಬರಿನಲ್ಲಿ ನಾನು ಹಿಮದ ತೂಕ ತಿದ್ದಿದೆ.
ಹೊಸದು ಆ ಕೋಣೆಯಲ್ಲೇ ಅರಚಿಕೊಂಡಿತ್ತು,
ಬಂದರಿನಲ್ಲಿ ಹಳೆಯದೇ ಮೇಯುತ್ತಿತ್ತು.

"ರಸ್ತೆ ಮುಚ್ಚಿಸು," ಅಂದೆ.
"ಆರಕ್ಕೇ ಮುಚ್ಚಿಸಿದೆ. ಬಡಗುಗಾಳಿ ತಿರುಗಿತ್ತು,
ನಾಯಿ ಹೊರಗೆ ಕಾಲಿಡಲಿಲ್ಲ."
ಮತ್ತೆ ಫೋನು ಯಾಕೆ?
"ಎರಡು ಉತ್ತರ ಇದ್ದವು, ಅದಕ್ಕೆ."

ಮಧ್ಯಾಹ್ನ ನಾಲ್ಕಕ್ಕೆ ಹಿಮ ಇಳಿಯಿತು, ಖಾಲಿ ರಸ್ತೆಯ ಮೇಲೆ.
ಒಂದು ದೀಪದ ಕಂಬ ಹೋಯಿತು.

ಆ ರಾತ್ರಿ ಕೂತು ಬರೆದೆ:
ಓಡುವುದಕ್ಕೊಂದು ಬಾಗಿಲು, ಹಂಚುವುದಕ್ಕೊಂದು, ದಾಸ್ತಾನಿಗೊಂದು.
ಡೀಬಗ್ಗಿಗೆ ಅದನ್ನೇ ಮತ್ತೊಮ್ಮೆ, ರಿಲೀಸಿಗೆ ಮತ್ತೊಮ್ಮೆ,
ಇಲ್ಲದಿದ್ದರೆ ಆ ಕೋಣೆಗಳು ಮತ್ತೆ ಏಳುತ್ತವೆ.
ಮ್ಯಾಕಿನದಕ್ಕೂ ಲಿನಕ್ಸಿನದಕ್ಕೂ
'ನೀನಿರುವಲ್ಲಿಂದ ಹುಡುಕು' ಎಂದು ದಾರಿಯನ್ನು ಕಿವಿಯಲ್ಲೇ ಕೊರೆದೆ.
ಏಳು ಸಾಲು. ಚಹಾ ಆರಿಹೋಗಿತ್ತು.

ಹಳೆಯದನ್ನು ಅಳಿಸಿಬಿಡು ಎಂದೆ ಬ್ರಾಂದುರನಿಗೆ.
ಅಳಿಸಿಲ್ಲ. ಹೆಸರಿನ ಮುಂದೆ 'ಮುದಿ' ಎಂದು ಸೇರಿಸಿ
ಬೇರೆ ಫೋಲ್ಡರಿನಲ್ಲಿ ಕಟ್ಟಿದ್ದಾನೆ.
ಚಳಿಗಾಲ ಕಳೆಯಲಿ, ಅನ್ನುತ್ತಾನೆ,
ಸೆಪ್ಟೆಂಬರಿನಲ್ಲಿ ನೋಡೋಣ.