ನೀರು ಒಗ್ಗಿತಾ

ಮಧುಗಿರಿ ದಾಟಿದ ಬಸ್ಸು ನಡುವೆ ಆಂಧ್ರ ಹೊಕ್ಕಿತು.
ಮೊಬೈಲು ತೆಲುಗಿನಲ್ಲಿ ಸ್ವಾಗತ ಕೋರಿತು,
ತುಸು ಹೊತ್ತಿಗೆ ಮತ್ತೆ ಕನ್ನಡದಲ್ಲಿ.
ಎರಡೂ ಕಡೆ ಅದೇ ಬಂಡೆ, ಅದೇ ಜಾಲಿ,
ಗಡಿ ಎಲ್ಲಿತ್ತೆಂದು ಮೇಕೆಗಳನ್ನೇ ಕೇಳಬೇಕು.
ಪಾವಗಡದಲ್ಲಿ ಇಳಿದಾಗ ಮಧ್ಯಾಹ್ನ ಎರಡು.
ಕೋಟೆಬೆಟ್ಟ ಕಾದ ಬಾಣಲೆಯಂತೆ
ಊರ ಮೇಲೆ ಬೋರಲಾಗಿತ್ತು.
ಕೈಯಲ್ಲಿ ನೇಮಕದ ಕಾಗದ,
ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಒಣಸಿಗಡಿ.
ಮನೆ ಮಾಲಕಿ ಮಾರಕ್ಕ ಮೂಗಿಗೆ ಸೆರಗು ಹಿಡಿದು ಕೇಳಿದಳು:
'ಇದ್ಯಾವ ಹುಳಾನವ್ವಾ?'

ನೀರು ನೋಡುವುದು ನನ್ನ ಕೆಲಸ.
ಬರುತ್ತದೆ ನೀರು
ಬ್ರಾಂದಿ ಬಾಟಲಿಯಲ್ಲಿ, ಉಪ್ಪಿನಕಾಯಿ ಭರಣಿಯಲ್ಲಿ,
ಒಮ್ಮೆ ಮಗುವಿನ ಹಾಲಿನ ಶೀಸೆಯಲ್ಲಿ,
ಕೊರಳಿಗೆ ಊರ ಹೆಸರಿನ ಚೀಟಿ ಕಟ್ಟಿಕೊಂಡು.
ತಿಳಿ ಎಂದರೆ ತಿಳಿ,
ಅದರೊಳಗಿಂದ ಗೋಡೆಯ ಕ್ಯಾಲೆಂಡರಿನ ರಾಹುಕಾಲ ಓದಬಹುದು.
ಅಳತೆ ನೋಡಿ ಕೆಂಪು ಬಿಡುತ್ತೇನೆ.
ಕೆಂಪು ಕೆಂಪಾಗಿಯೇ ನಿಂತರೆ ಬಾವಿ ಗೆದ್ದಿತು.
ಮಸುಕಾದರೆ,
ಇನ್ನೂ ಮಸುಕಾದರೆ
ಹಲ್ಲು, ಮೊಣಕಾಲು, ಬೆನ್ನು.
ನಾನು ಬರೆಯುವುದು ಅಂಕೆ ಮಾತ್ರ.

ಗಂಗೊಳ್ಳಿಯ ನಮ್ಮ ಬಾವಿಯೂ ಬೇಸಿಗೆಗೆ ಉಪ್ಪಾಗುತ್ತಿತ್ತು.
ಆದರೆ ಉಪ್ಪು ಕಳ್ಳನಲ್ಲ,
ನಾಲಿಗೆಗೆ ಹೇಳಿಯೇ ಒಳಗೆ ಬರುತ್ತದೆ.
ಇಲ್ಲಿಯದು ಸಿಹಿನೀರು.
ಮೂವತ್ತು ವರ್ಷ ನೆಂಟನಂತೆ ಒಳಗಿದ್ದು
ಒಂದು ಬೆಳಿಗ್ಗೆ ಎಲುಬಿಗೆ ಕೈ ಹಾಕುವ ನೀರು.

ಕಲಿತೆ, ಬೇರೆ ದಾರಿಯಿರಲಿಲ್ಲ.
ತೆಲುಗಿನಲ್ಲಿ ಎಣಿಸುವುದು, ಕನ್ನಡದಲ್ಲಿ ಬೈಯುವುದು,
ಕಾಯಿ ಇಲ್ಲದ ಸಾರು, ಕಡಲೆಬೀಜದ ಚಟ್ನಿ,
ಮಾರ್ಚ್ ಬಂದರೆ ಚಾಪೆ ಎತ್ತಿಕೊಂಡು ತಾರಸಿಗೆ ಹೋಗುವುದು.
ಅಲ್ಲಿ ಮಲಗಿದರೆ ತಿರುಮಣಿ ಕಡೆಯಿಂದ ಬಿಸಿಗಾಳಿ.
ಹಗಲೆಲ್ಲ ಗಾಜು ಒರೆಸಿ ಬಂದ ಪಕ್ಕದ ಮನೆಯ ಓಬಳೇಶ
ಕತ್ತಲಲ್ಲೂ ಕಣ್ಣು ಕಿರಿದು ಮಾಡಿಯೇ ಮಾತಾಡುತ್ತಾನೆ.
ಶುದ್ಧ ನೀರಿನ ಸಾಲಿನಲ್ಲಿ ನನಗೂ ಒಂದು ಕ್ಯಾನು,
ಸೊಂಟದಲ್ಲಿ ಐದು ರೂಪಾಯಿಯ ಬಿಲ್ಲೆ.
ನಾಣ್ಯ ಹಾಕಿ ಎಡಗೈಯಲ್ಲಿ ಯಂತ್ರಕ್ಕೆ ಒಂದು ಬಡಿತ,
ಅದಿಲ್ಲದೆ ಅದು ಕೊಡುವುದಿಲ್ಲ.

ಒಂದು ಸಂಜೆ ಮಾರಕ್ಕ ತಮ್ಮನ ಬೋರಿನ ನೀರು ತಂದಳು.
ಅವನ ಮಗಳು ಚೌಡಿಗೆ ಹಿರಿಯೂರಿನ ಗಂಡು.
ಅವರು ಜಾತಕಕ್ಕೆ ಮೊದಲು ನೀರಿನ ಚೀಟಿ ಕೇಳಿದ್ದಾರಂತೆ.
'ಮೂರು ಬಂದ್ರೆ ಒಂದು ಅಂತ ಬರಿಯವ್ವ,
ನಿನ್ನ ಪೆನ್ನಿಗೇನು ಭಾರ?'
ಕೆಂಪು ನೀರುಮಜ್ಜಿಗೆಯಷ್ಟೂ ನಿಲ್ಲಲಿಲ್ಲ.
ಮೂರು ಪಾಯಿಂಟ್ ಒಂದು ಎಂದು ಬರೆದೆ,
ಸಹಿ ಹಾಕಿದೆ, ಸೀಲು ಒತ್ತಿದೆ.
ಹನ್ನೊಂದು ದಿನ ಅವಳು ಮಾತಾಡಲಿಲ್ಲ.
ನನ್ನ ಒಗೆದ ಬಟ್ಟೆಯನ್ನು ಮಾತ್ರ
ಗಾಳಿಗೆ ಹಾರದಂತೆ ಮಡಚಿ ಬಾಗಿಲಿಗಿಡುತ್ತಿದ್ದಳು.

ಹನ್ನೆರಡನೆಯ ದಿನ ಚೌಡಿಯೇ ಬಂದಳು ಲ್ಯಾಬಿಗೆ.
ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು,
ಹಲ್ಲಿನ ಮೇಲೆ ಬೆಲ್ಲದ ಬಣ್ಣದ ಗೆರೆ.
'ಯಾವ್ಯಾವ ಊರಲ್ಲಿ ಕೆಂಪು ನಿಲ್ತದೆ, ತೋರ್ಸಕ್ಕಾ.
ಇನ್ಮೇಲೆ ಆ ಊರಿನ ಗಂಡು ಮಾತ್ರ ನೋಡ್ರಿ ಅಂತೀನಿ.'
ಇಬ್ಬರೂ ಕೂತು ರಿಜಿಸ್ಟರು ತಿರುವಿದೆವು.
ಒಂದೂವರೆಯ ಕೆಳಗೆ ಸಿಕ್ಕಿದ್ದು ಏಳು ಊರು.
ಅಂಗೈ ಮೇಲೆ ಬರೆದುಕೊಂಡಳು,
ಏಳನೆಯದು ಮಣಿಕಟ್ಟಿಗೆ ಬಂತು.

ಭಾನುವಾರ ಅಮ್ಮನ ಫೋನು, ಹಿಂದೆ ಕಡಲಿನ ಸದ್ದು.
ಎರಡು ವರ್ಷದಿಂದ ಅದೇ ಪ್ರಶ್ನೆ:
'ಎಂತ ಹೆಣೆ, ಅಲ್ಲಿನ ನೀರ್ ಒಗ್ಗಿತಾ?'

ಬಂದ ವಾರವೇ ಈ ಮನೆಯ ನಲ್ಲಿ ಪರೀಕ್ಷಿಸಿದ್ದೆ.
ಎರಡು ಪಾಯಿಂಟ್ ಏಳು.
ಅವತ್ತಿನಿಂದ ಕುಡಿಯಲು, ಬೇಯಿಸಲು ಕ್ಯಾನಿನದೇ.
ಆದರೆ ಸುಡು ಮಧ್ಯಾಹ್ನ ಬಾಗಿಲು ತಟ್ಟಿ
ಮಾರಕ್ಕ ಕೊಡುವ ಮಜ್ಜಿಗೆ,
ಮೇಲೆ ಕರಿಬೇವು, ತಳದಲ್ಲಿ ಉಪ್ಪಿನ ಹರಳು,
ಅದಕ್ಕೆ ಯಾವ ನೀರು ಹಾಕಿದೆ ಎಂದು
ನಾನು ಒಮ್ಮೆಯೂ ಕೇಳಿಲ್ಲ.