ಮೀನಿನ ಹಾಳೆ

ನನ್ನ ಚೀಲದಲ್ಲಿ ಎರಡು ಬಗೆಯ ಹಾಳೆ.
ಬಿಳಿಯದು ಅಸಲು. ಹಸಿರಿನದು
ಯಾರಾದರೂ ಬಂದರೆ ಮೇಲೆಳೆದುಕೊಳ್ಳುವುದಕ್ಕೆ:
ವಾರಕ್ಕೆ ಎಷ್ಟು ಸಲ ಮೀನು,
ಬಾವಿಯ ನೀರು ಉಪ್ಪೋ ಸಪ್ಪೆಯೋ.

ಅಬಾಯಾಂಗ್ ದ್ವೀಪದ ಆ ದಡದಲ್ಲಿ ಮನೆಗೆ ಗೋಡೆಯಿಲ್ಲ.
ನಾಲ್ಕು ಕಂಬ, ಮಂಡಿಯೆತ್ತರದ ಅಟ್ಟ, ಮೇಲೆ ಕೇದಗೆ ಗರಿ.
ಈಚೆಯಿಂದ ನೋಡಿದರೆ ಆಚೆಗೂ ಕಡಲೇ,
ನಡುವೆ ಸಂಸಾರ.
ಎಲ್ಲರೂ ಎಲ್ಲವನ್ನೂ ಕಂಡಿದ್ದಾರೆ.
ಕಂಡದ್ದಕ್ಕೆ ಮಾತ್ರ ಸಾಕ್ಷಿಯಿಲ್ಲ.

ತರಬೇತಿಯಲ್ಲಿ ಅಕೋಯಿಯಾ ಹೇಳಿಕೊಟ್ಟಿದ್ದಳು:
ಹಿಂಸೆ ಅನ್ನಬೇಡ, ಅದು ಸಭೆಯ ಶಬ್ದ.
ತಳ್ಳಿದನೆ, ಅನ್ನು. ಕೂದಲು ಹಿಡಿದನೆ, ಅನ್ನು.
ಒಂದು ಸಲವೋ, ಕೆಲವು ಸಲವೋ, ಬಹಳ ಸಲವೋ.
ಅವಳು ಅತ್ತರೆ ಪೆನ್ನು ಕೆಳಗಿಡು.
ನೀನು ಅಳುವುದಿದ್ದರೆ ವಾಪಸು ದೋಣಿಯಲ್ಲಿ.

ನಲವತ್ತೊಂದನೆಯ ಮನೆ. ಹೆಸರು ಬರೆಯುವ ಹಾಗಿಲ್ಲ.
ಚಾಪೆ ಹೆಣೆಯುತ್ತ ಕೂತಿದ್ದಳು, ಬೆರಳು ನಿಲ್ಲಲಿಲ್ಲ.
ಏಳನೆಯ ಪ್ರಶ್ನೆಯ ಹೊತ್ತಿಗೆ ಅತ್ತೆ ಬಂದು
ಅಟ್ಟದ ಅಂಚಿಗೆ ಕೂತು
ಕೇದಗೆ ಎಲೆಯಲ್ಲಿ ಹೊಗೆಸೊಪ್ಪು ಸುತ್ತತೊಡಗಿದಳು.

ಹಸಿರು ಹಾಳೆ ಮೇಲೆ ಬಂತು.

ವಾರಕ್ಕೆ ಎಷ್ಟು ಸಲ ಮೀನು?
ಎರಡು. ಕೊಬ್ಬರಿ ದುಡ್ಡು ಬಂದ ದಿನ ತಪ್ಪದೆ.
ಯಾವ ಮೀನು?
ಕೈಗೆ ಯಾವುದು ಸಿಕ್ಕಿತೋ ಅದು.
ನನ್ನ ಪೆನ್ನು ತಡವರಿಸಿತು. ಹಾಳೆಯಲ್ಲಿಲ್ಲದ್ದನ್ನು ಕೇಳಿದೆ:
ಮುಳ್ಳು ಸಿಕ್ಕಿಕೊಂಡದ್ದುಂಟೆ?
ಒಮ್ಮೆ. ದವಡೆ ಮುಟ್ಟಿ ತೋರಿಸಿದಳು.
ಆಸ್ಪತ್ರೆಗೆ ದೋಣಿ ಸಿಗುವುದರೊಳಗೆ ತಾನೇ ಕೂಡಿಕೊಂಡಿತು.
ಬಸುರಿಯಲ್ಲಿ?
ಆಗಲೂ ಮೀನು.

ಅತ್ತೆ ಹೊಗೆ ಬಿಟ್ಟಳು.
ಕಡಲ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ,
ನಮ್ಮ ಕಾಲದಲ್ಲಿ ದಿನವೂ, ಅಂದಳು.

ಹೆಣೆಯುವ ಬೆರಳು ನಿಂತಿತು.

ಹಸಿರು ಹಾಳೆ ಲೆಕ್ಕಕ್ಕಿಲ್ಲ, ಅದು ನಿಯಮ.
ಬಿಳಿಯದರಲ್ಲಿ ಆರು ಉತ್ತರ, ಆಮೇಲೆ ಖಾಲಿ.
'ಅಪೂರ್ಣ' ಎಂದು ಬರೆದೆ. ಹೆಮ್ಮೆಯಿಂದ ಹೇಳುತ್ತಿಲ್ಲ.
ಒಂದು ಗೆರೆ ಊಹಿಸಿ ಬರೆದರೂ ಸಾಕು,
ಅದನ್ನೇ ಹಿಡಿದು ಇಡೀ ಪಟ್ಟಿಯನ್ನು ಅಲುಗಿಸಿಬಿಡುತ್ತಾರೆ.
ದೋಣಿಯಲ್ಲಿ ಅತ್ತೆನೋ ಇಲ್ಲವೋ, ಮುಖವೆಲ್ಲ ಉಪ್ಪುನೀರು.

ಎರಡು ವರ್ಷದ ಮೇಲೆ ಮನೇಬಾದಲ್ಲಿ,
ಊರೆಲ್ಲ ಕೂರುವ ಆ ದೊಡ್ಡ ಸೂರಿನ ಕೆಳಗೆ, ಕರಡು ಓದಿದರು.
ಹಿರಿಯ ಬೌರೋ ಎದ್ದು ನಿಂತ:
ಗಂಡ ಹೆಂಡಿರ ಜಗಳ
ಉಂಡು ಮಲಗುವ ತನಕ.
ಸಭೆ ನಕ್ಕಿತು. ನಕ್ಕವರಲ್ಲಿ ಹೆಂಗಸರೂ ಇದ್ದರು.

ಅಕೋಯಿಯಾ ಕನ್ನಡಕ ಏರಿಸಿಕೊಂಡಳು.
ಹನ್ನೆರಡನೆಯ ಪ್ರಶ್ನೆ: ಯಾವ ಹೊತ್ತಿನಲ್ಲಿ?
ಉಣ್ಣುವ ಮುಂಚೆ, ಇಷ್ಟು.
ಉಂಡ ಮೇಲೆ, ಇಷ್ಟು.
ಮಲಗಿದ ಮೇಲೆ, ಇಷ್ಟು.
ದನಿ ಏರಲಿಲ್ಲ, ಇಳಿಯಲಿಲ್ಲ;
ಕೊಬ್ಬರಿ ಚೀಲ ತೂಗಿ ಕೂಗಿ ಹೇಳುವವಳ ಹಾಗೆ.
ಬೌರೋ ಕೂತ.
ಒಪ್ಪಿದನೋ, ಕಾಲು ನೋಯಿತೋ, ಗೊತ್ತಿಲ್ಲ.

ಕಾನೂನು ಬಂತು. ಎಲ್ಲ ಕಲಮೂ ನನಗೆ ಬಾಯಿಗೆ ಬಾರದು.
ಒಂದು ಮಾತ್ರ ಬರುತ್ತದೆ:
ಕಂಡವರು ಯಾರೇ ಇರಲಿ, ದೂರು ಹೇಳಬಹುದು.
ಗೋಡೆಯಿಲ್ಲದ ಊರಿಗೆ ಹೇಳಿ ಮಾಡಿಸಿದ ಹಾಗಿದೆ ಆ ಸಾಲು.
ಪೊಲೀಸ್ ಠಾಣೆಗೆ ಮಾತ್ರ ಇನ್ನೂ ದೋಣಿಯಿಲ್ಲ.

ಕಳೆದ ವಾರ ಬೇರೆ ಕೆಲಸಕ್ಕೆ ಆ ದಡಕ್ಕೆ ಹೋಗಿದ್ದೆ.
ನಲವತ್ತೊಂದರಲ್ಲಿ ಮುದುಕಿ ಒಬ್ಬಳೇ.
ಸೊಸೆ ಮಕ್ಕಳ ಸಮೇತ ತವರಿಗೆ ಹೋದಳಂತೆ;
ಅರ್ಧ ಹೆಣೆದ ಚಾಪೆ ಕಂಬಕ್ಕೆ ಒರಗಿತ್ತು.
ಹಾಳೆ ತಂದಿದ್ದೀಯಾ, ಅಂದಳು.
ಯಾವ ಹಾಳೆ, ಅಂದೆ.
ಹೊಗೆಸೊಪ್ಪು ಪಕ್ಕಕ್ಕಿಟ್ಟು, ಸೆರಗಿಲ್ಲದ ಎದೆಯ ಮೇಲೆ ಕೈಕಟ್ಟಿ,
ಬಿಳಿಯದು, ಅಂದಳು.

ಸಮೀಕ್ಷೆ ಮುಗಿದು ಎಷ್ಟೋ ಕಾಲ.
ಚೀಲ ತಡಕಿದೆ. ಅಂಗಡಿಯ ಚೀಟಿಯೊಂದಿತ್ತು,
ಅಕ್ಕಿ, ಸಕ್ಕರೆ, ಸೀಮೆಎಣ್ಣೆ.
ಮಗುಚಿ, ಬೆನ್ನಿನ ಮೇಲೆ ಬರೆದೆ:
ಪ್ರಶ್ನೆ ಒಂದು.