ಕೈಗಡ

ಮ್ಯಾಂಚೆಸ್ಟರಿನ ತೆಂಕಣಂಚು, ಸ್ಟಾಕ್‌ಪೋರ್ಟ್ ರಸ್ತೆ.
ಏಣಿಯ ಏಳನೇ ಮೆಟ್ಟಿಲ ಮೇಲೆ ನಿಂತು
ಕಂಬಕ್ಕೊಂದು ಕಣ್ಣು ಕೂರಿಸುತ್ತಿದ್ದೇನೆ.
ಬೆಳಗಿನ ಐದೂವರೆ. ಕೆಳಗೆ ಏಣಿ ಹಿಡಿದ ಡೆಕ್ಲನ್
ಆಕಳಿಸುತ್ತಾನೆ; ಅವನ ಆಕಳಿಕೆ
ಏಣಿಯ ಮೂಲಕ ನನ್ನ ಪಾದಕ್ಕೆ ತಲುಪುತ್ತದೆ.

ಹಳೆಯ ಪೆಟ್ಟಿಗೆ ನಿನ್ನೆಯೇ ಬಿಚ್ಚಿದೆವು.
ಒಳಗೆ ಜೇಡರ ಬಲೆ, ಯಾರೋ ಮರೆತ ಸ್ಕ್ರೂಡ್ರೈವರ್,
ಮುಚ್ಚಳದ ಒಳಮೈಗೆ ಪೆನ್ಸಿಲ್ಲಿನ ಅಕ್ಷರ:
ದಾಟುವವರಿಗೆ ಏಳು ಸೆಕೆಂಡು.
ಯಾರ ಕಾಲು ಅಳೆದು ಬರೆದರೋ.
ಗಟ್ಟಿಮುಟ್ಟು ಗಂಡಸು, ಕೈಯಲ್ಲಿ ಚೀಲವಿಲ್ಲ,
ಮಂಡಿನೋವಿಲ್ಲ, ಬೆರಳು ಹಿಡಿದ ಮಗುವಿಲ್ಲ.
ಅಂಥವನೊಬ್ಬ ಮೂವತ್ತು ವರ್ಷ
ಎಲ್ಲರ ಪರವಾಗಿ ಈ ರಸ್ತೆ ದಾಟಿದ.

ವಿನಿಫ್ರೆಡ್ ಆಗ್ಡನ್ ದಾಟಿರಲಿಲ್ಲ.
ಅಂದರೆ, ಅರ್ಧ ದಾಟಿದ್ದರು, ಸಾವಿರ ಸಲ.
ನಡುದಾರಿಯಲ್ಲಿ ಹಸಿರು ಕೈಕೊಟ್ಟು
ಹಾರನ್ನುಗಳ ಮಧ್ಯೆ ವಾಕರ್ ಹಿಡಿದು ನಿಂತು
ಒಂದು ಕೈ ಮೇಲೆತ್ತುತ್ತಿದ್ದರಂತೆ,
ಬೈಗುಳಕ್ಕೋ ಕ್ಷಮೆಗೋ ಯಾರಿಗೂ ತಿಳಿಯದ ಹಾಗೆ.
ಆಚೆ ಬದಿಯಲ್ಲಿ ಅಂಚೆ ಕಚೇರಿ, ಮೀನಿನಂಗಡಿ,
ಹಲ್ಲಿನ ಡಾಕ್ಟರು. ಈಚೆ ಅವರ ಮನೆ.
ಎಂಬತ್ತನಾಲ್ಕು ತುಂಬುವ ಹೊತ್ತಿಗೆ
ಊರೆಂಬುದು ಒಂದೇ ಬದಿಗೆ ಕುಗ್ಗಿತ್ತು.

ಈ ಹೊಸ ಕಣ್ಣಿಗೆ ಮುಖ ಬೇಕಿಲ್ಲ.
ಹೆಸರು ಕೇಳುವುದಿಲ್ಲ, ಕಂಡದ್ದನ್ನು ಕೂಡಿಡುವುದಿಲ್ಲ.
ಬಿಸಿಯಾದ ಒಂದು ಮಸುಕು ಆಕಾರ
ಪಟ್ಟೆಗಳ ಮೇಲೆ ಇನ್ನೂ ಇದೆಯೋ ಇಲ್ಲವೋ,
ಅಷ್ಟೇ ಅದರ ವಿದ್ಯೆ.
ಇದೆಯೆ? ಇನ್ನೊಂದು ಸೆಕೆಂಡು.
ಇನ್ನೂ ಇದೆಯೆ? ಇರಲಿ, ಮತ್ತೊಂದು.

ಎಲ್ಲಿಂದ ಬರುತ್ತದೆ ಆ ಸೆಕೆಂಡು?
ಡೆಕ್ಲನ್ ಕೇಳಿದ. ಹತ್ತೊಂಬತ್ತರ ಹುಡುಗ,
ಹೊತ್ತಿನ ಮೂಲ ಕೆದಕುವ ವಯಸ್ಸಲ್ಲ. ಆದರೂ ಕೇಳಿದ.

ಕೈಗಡ, ಅಂದೆ. ಅವನಿಗೆ ನನ್ನ ಭಾಷೆ ಬಾರದು.
ಬಡ್ಡಿಯಿಲ್ಲ ಮಾರಾಯ, ಪತ್ರವಿಲ್ಲ, ಸಾಕ್ಷಿಯಿಲ್ಲ,
ಗೋಡೆಯ ಮೇಲಿಂದ ಪಕ್ಕದ ಮನೆಗೆ
ಕೈಯಿಂದ ಕೈಗೆ ದಾಟಿದ ಒಂದು ಲೋಟ ಸಕ್ಕರೆ.
ಅಗೋ ಆ ಅಡ್ಡರಸ್ತೆ, ಒಂದೂ ಕಾರಿಲ್ಲ,
ಯಾರಿಗೂ ಬೇಡದ ಹಸಿರು ಅಲ್ಲಿ ಉರಿದು ಹಾಳು.
ಅಲ್ಲಿಂದ ನಾಲ್ಕು ಸೆಕೆಂಡು ಎತ್ತಿ ಇಲ್ಲಿಗೆ.
ತಡವಾದ ನೂರಾ ತೊಂಬತ್ತೆರಡನೇ ನಂಬರಿನ ಬಸ್ಸು
ಮುಂದಿನ ಕಂಬಕ್ಕೆ ದೂರದಿಂದಲೇ ಪಿಸುಗುಟ್ಟುತ್ತದೆ:
ಚೂರು ಹಿಡಿದುಕೊಂಡಿರು, ಬಂದೆ.
ಕಂಬ ಹಿಡಿದುಕೊಂಡಿರುತ್ತದೆ.
ಬೇಗ ಬಂದ ದಿನ ಬಸ್ಸು ತಾನೇ ನಿಂತು ತೀರಿಸುತ್ತದೆ.

ಊರು ಉಬ್ಬುತ್ತಿದೆ. ಹಳೆಯ ಗಿರಣಿಯ ಹೊಟ್ಟೆಯೊಳಗೆ
ಇನ್ನೂರು ಮನೆ, ಇನ್ನೂರು ಬೀಗದ ಕೈ.
ರಸ್ತೆ ಮಾತ್ರ ಅಂಗಡಿಸಾಲಿನ ನಡುವೆ
ಒಂದಿಂಚೂ ಅಗಲವಾಗುವ ಹಾಗಿಲ್ಲ.
ಜಾಗ ಇಲ್ಲದ ಕಡೆ ಹೊತ್ತನ್ನು ಹಿಗ್ಗಿಸಬೇಕು,
ಸೊಂಟಪಟ್ಟಿಗೆ ಹೊಸ ತೂತು ಕೊರೆದ ಹಾಗೆ.

ಮೊದಲು ದಾಟಿದ್ದು ನರಿ.
ಕಣ್ಣು ಅದನ್ನೂ ಮನುಷ್ಯರ ಲೆಕ್ಕಕ್ಕೆ ಸೇರಿಸಿತು;
ಅದು ಹಿಂತಿರುಗಿಯೂ ನೋಡಲಿಲ್ಲ.
ಆಮೇಲೆ ನಾನ್ ಅಂಗಡಿಯ ಬಾಗಿಲು ತೆರೆದು
ತಂದೂರಿನ ಹಬೆಯೊಂದು ರಸ್ತೆಗಿಳಿಯಿತು:
ಎರಡು ವ್ಯಾನು, ಒಂದು ಹಾಲಿನ ಲಾರಿ
ಹಬೆ ದಾಟಿ ಮುಗಿಸಲಿ ಎಂದು ಕಾದವು.
ಬೈದುಕೊಂಡು ಮತ್ತೆ ಹತ್ತಿದೆ,
ಕಣ್ಣಿನ ಕೋನ ಎರಡು ಕೂದಲೆಳೆ ತಗ್ಗಿಸಿದೆ.

ಒಂಬತ್ತಕ್ಕೆ ಬಂದರು, ನೀಲಿ ಕೋಟು, ಹೊಸ ವಾಕರ್,
ಬಿಗಿದ ದವಡೆ. ಗುಂಡಿ ಒತ್ತಿದರು.
ಏಳು ಕಳೆಯಿತು, ನಡುದಾರಿ.
ಅಭ್ಯಾಸಬಲದಿಂದ ಕೈ ಮೇಲೆದ್ದಿತು,
ಬೈಯಲು ಯಾರೂ ಇರಲಿಲ್ಲ.
ಎಂಟು, ಹತ್ತು, ಹನ್ನೊಂದು,
ವಾಕರಿನ ರಬ್ಬರು ಪಾದ ಆಚೆಯ ಕಲ್ಲು ಮುಟ್ಟಿತು.
ಹಸಿರು ಇನ್ನೂ ಚೂರು ಮಿಕ್ಕಿತ್ತು.

ತಿರುಗಿ ನಿಂತು, ಕತ್ತೆತ್ತಿ, ನನ್ನನ್ನೇ ಕೂಗಿದರು:
ಏನಪ್ಪಾ, ಇದು ಕೆಟ್ಟುಹೋಗಿದೆಯಾ?

ಉತ್ತರ ಹುಡುಕುತ್ತಿದ್ದೆ. ಏಣಿ ನಡುಗಿತು.
ಡೆಕ್ಲನ್ ನಗುತ್ತಿದ್ದ.